ಮನೆಯೊಳಗಿನ ದುಡಿಮೆ, ಹೊರಗಿರುವ ಮಾಲೀಕ

ತನ್ನ ಮನೆಯಲ್ಲೇ ಕೂತು ಬೇರೊಬ್ಬರಿಗಾಗಿ ದುಡಿಯುವವರಿಗೆ ಕೂರುವ ಜಾಗ, ಬೆಳಕು, ಗಾಳಿ, ಹತ್ಯಾರ ಇವೆಲ್ಲ ಸುರಕ್ಷಿತವಾಗಿರುವಂತೆ ನೋಡಿಕೊಳ್ಳುವ ಹೊಣೆ ಯಾರದು ಎಂಬುದು ಭಾರತದ ಕಾರ್ಮಿಕ ಕಾನೂನಿನಲ್ಲಿ ಇನ್ನೂ ಇತ್ಯರ್ಥವಾಗದ ಪ್ರಶ್ನೆ. 2020ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ನೌಕರರನ್ನು ಲ್ಯಾಪ್‌ಟಾಪ್ ಸಮೇತ ಮನೆಗೆ ಕಳಿಸಿದಾಗ ಇದು ಹೊಸ ಪ್ರಶ್ನೆಯೆಂಬಂತೆ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಕೊಪ್ಪಳ ಜಿಲ್ಲೆಯ ಮಟ್ಟಿಗೆ ಅದು ತಲೆಮಾರುಗಳಷ್ಟು ಹಳೆಯದು. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರಗಳಲ್ಲಿ ಇಳಕಲ್ ಸೀರೆ ನೇಯುವ ಕುಣಿಮಗ್ಗ ಇರುವುದು ನಡುಮನೆಯಲ್ಲಿ. ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ತಲೆಗೂದಲ ಉದ್ಯಮದ ಸಿಕ್ಕು ಬಿಡಿಸುವ ಕೆಲಸ ಮನೆಮನೆಗೆ ಹಂಚಿಹೋಗುತ್ತದೆ. ಮರದ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರ ಮನೆಯ ಪಡಸಾಲೆಯೇ ಅವರ ಕಾರ್ಖಾನೆ. ಜಿಲ್ಲೆಯ ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗಿ, ಲಾಕ್‌ಡೌನಿನಲ್ಲಿ ಊರಿಗೆ ಮರಳಿ, ಕಾಳಿನ ಚೀಲಗಳ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೆಲಸ ಮಾಡಿದ ತರುಣ ತರುಣಿಯರು ಈ ಸಾಲಿಗೆ ಕೊನೆಯಲ್ಲಿ ಸೇರಿದವರು.

ಇವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕಿನ್ನಾಳದ ಚಿತ್ರಗಾರನು ತಾನೇ ಮರ ತಂದು, ಕೆತ್ತಿ, ಬಣ್ಣ ಹಚ್ಚಿ, ಗಿರಾಕಿಗೆ ಮಾರಿದರೆ ಅವನು ಸ್ವಂತ ಉದ್ಯೋಗಿ. ಅವನ ಮೇಲೆ ಮಾಲೀಕನಿಲ್ಲ. ಸಾವಕಾರನಿಂದ ನೂಲು ಪಡೆದು, ಅವನು ಹೇಳಿದ ದಡಿ ಸೆರಗಿನಂತೆ ನೇಯ್ದು, ಸೀರೆಗೆ ಇಷ್ಟೆಂದು ಕೂಲಿ ಪಡೆಯುವ ನೇಕಾರನ ಸ್ಥಿತಿ ಬೇರೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಈ ಎರಡನೆಯವನನ್ನು ಮನೆ ಆಧಾರಿತ ಕಾರ್ಮಿಕ ಎಂದು ಗುರುತಿಸುತ್ತದೆ: ಉದ್ಯೋಗದಾತನ ಕೆಲಸದ ಸ್ಥಳವನ್ನು ಬಿಟ್ಟು ತನ್ನ ಮನೆಯಲ್ಲಿ ಅಥವಾ ತಾನೇ ಆರಿಸಿಕೊಂಡ ಜಾಗದಲ್ಲಿ, ಉದ್ಯೋಗದಾತನಿಗಾಗಿ, ಸಂಭಾವನೆಗೆ ಸರಕನ್ನೋ ಸೇವೆಯನ್ನೋ ತಯಾರಿಸುವವನು. ಸಲಕರಣೆ, ಕಚ್ಚಾ ಮಾಲು ಯಾರು ಕೊಟ್ಟರು ಎಂಬುದು ಇಲ್ಲಿ ಗಣನೆಗೆ ಬರುವುದಿಲ್ಲ. ಸೇವೆ ಎಂಬ ಮಾತು ಸೇರಿರುವುದರಿಂದ ಲ್ಯಾಪ್‌ಟಾಪಿನ ಕೆಲಸಕ್ಕೂ ಈ ವ್ಯಾಖ್ಯೆಯಲ್ಲಿ ಬಾಗಿಲು ತೆರೆದಂತಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ, ಅಂದರೆ ಕೋವಿಡ್‌ಗೆ ಮೊದಲೇ, ಜಗತ್ತಿನಲ್ಲಿ ಮನೆಯಲ್ಲೇ ದುಡಿಯುತ್ತಿದ್ದವರು ಸುಮಾರು 26 ಕೋಟಿ.

ಕುಣಿಮಗ್ಗವನ್ನು ಕೆಲಸದ ಜಾಗವಾಗಿ ನೋಡಿದರೆ ಅಪಾಯ ಎಲ್ಲಿಂದ ಬರುತ್ತದೆಂಬುದು ಸ್ಪಷ್ಟವಾಗುತ್ತದೆ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿನಲ್ಲಿ ನೇಕಾರ ಕೂರುತ್ತಾನೆ. ಕಾಲುಗಳು ಕುಣಿಯೊಳಗಿನ ತುಳಿಗೋಲಿನ ಮೇಲೆ, ಉದ್ದೆಳೆಗಳ ಹಾಸು ನೆಲಕ್ಕೆ ತುಸು ಮೇಲೆ, ಕೈಗಳು ಲಾಳಿಯ ಹಗ್ಗ ಮತ್ತು ಹಲಗೆಯ ಮೇಲೆ. ಒಂದು ಕೈ ಹಗ್ಗ ಜಗ್ಗುತ್ತದೆ, ಇನ್ನೊಂದು ಹಲಗೆ ಬಡಿಯುತ್ತದೆ, ಕಾಲು ತುಳಿಯುತ್ತದೆ. ಒಂದು ಸೀರೆ ಮುಗಿಯುವುದರೊಳಗೆ ಈ ಚಲನೆ ಸಾವಿರಾರು ಸಲ ಮರುಕಳಿಸುತ್ತದೆ. ಎಳೆ ಹರಿದಾಗ ಮುಂದಕ್ಕೆ ಬಾಗಿ ಕಟ್ಟಬೇಕು. ಬೆನ್ನಿಗೆ ಒರಗು ಇರುವುದಿಲ್ಲ. ಸೊಂಟ, ಕುತ್ತಿಗೆ, ಭುಜ, ಮೊಣಕಾಲಿನ ನೋವು ಈ ಭಂಗಿಗೇ ಕಟ್ಟಿಟ್ಟದ್ದು. ಇಳಕಲ್ ಸೀರೆಗೆ ಇನ್ನೊಂದು ವಿಶೇಷವಿದೆ: ಒಡಲಿನ ಹಾಸು, ಸೆರಗಿನ ಹಾಸು ಬೇರೆಬೇರೆ, ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಸೀರೆಯ ಹೆಸರು ನಿಂತಿರುವುದೇ ಈ ಕೊಂಡಿಯ ಮೇಲೆ. ಕಣ್ಣಿಗೆ ಅತಿ ಹೆಚ್ಚು ಶ್ರಮವಾಗುವುದೂ ಅಲ್ಲಿಯೇ. ಅನೇಕ ಮನೆಗಳಲ್ಲಿ ಬಿಸಿಲು ಒಳಬಾರದಂತೆ ಗೋಡೆ ದಪ್ಪ, ಕಿಟಕಿ ಸಣ್ಣದು. ಬಯಲುಸೀಮೆಯ ಬೇಸಿಗೆಗೆ ಒಪ್ಪುವ ಈ ಕಟ್ಟಡ ನೇಯ್ಗೆಯ ಕಣ್ಣಿಗೆ ಒಪ್ಪುವುದಿಲ್ಲ. ಮಳೆಗಾಲದಲ್ಲಿ ಕುಣಿಗೆ ತೇವ ಏರುತ್ತದೆ. ನೀರು ಜಿನುಗಿದರೆ ಕೆಲಸ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ.

ನೇಯ್ಗೆಗೆ ಸೇರಿದ ಅರ್ಧ ಕೆಲಸ ಮಗ್ಗದ ಮೇಲೆ ನಡೆಯುವುದೇ ಇಲ್ಲ. ರಾಟಿಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುವುದು, ಹಾಸು ಹೂಡುವುದು, ಗಂಜಿ ಹಾಕುವುದು ಮನೆಯ ಹೆಂಗಸರ, ಮುದುಕರ ಪಾಲು. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ ನೇಕಾರರು ಮತ್ತು ಪೂರಕ ಕೆಲಸದವರನ್ನು ಒಟ್ಟು 35.22 ಲಕ್ಷ ಎಂದು ಎಣಿಸಿತು. ಅವರಲ್ಲಿ ನೂರಕ್ಕೆ 72ರಷ್ಟು ಮಹಿಳೆಯರು. ಸಾವಕಾರನ ಖಾತೆಯಲ್ಲಿ ಹೆಸರಿರುವುದು ಸಾಮಾನ್ಯವಾಗಿ ಮಗ್ಗಕ್ಕೆ ಕೂರುವ ಒಬ್ಬನದೇ. ಹೊಣೆಯ ಪ್ರಶ್ನೆ ಎದ್ದಾಗ ಖಾತೆಯಲ್ಲಿಲ್ಲದವರ ಬೆನ್ನುನೋವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕುಲಕಸುಬಿನೊಡನೆ ಬಂದದ್ದೆಂದು ಅದನ್ನು ಅನುಭವಿಸಿ ಸುಮ್ಮನಿರುವುದು ರೂಢಿ. ಆ ರೂಢಿಯಿಂದ ಲಾಭವಾದದ್ದು ಯಾರಿಗೆಂದು ಕೇಳುವವರು ಕಡಿಮೆ.

ಭಾಗ್ಯನಗರದ ಕೂದಲ ಕೆಲಸದ ಅಪಾಯ ಇನ್ನೊಂದು ಬಗೆಯದು. ಬಾಚಣಿಗೆಯಲ್ಲಿ ಉದುರಿದ ಕೂದಲು ಉಂಡೆಯಾಗಿ ಬರುತ್ತದೆ. ಅದನ್ನು ಬಿಡಿಸಿ, ಬಿಳಿಗೂದಲು ಆರಿಸಿ, ಉದ್ದಕ್ಕೆ ತಕ್ಕಂತೆ ಜೋಡಿಸಿದ ಮೇಲೆ ವಿಗ್ಗು ತಯಾರಿಕೆಗೆ, ರಫ್ತಿಗೆ ಹೋಗುತ್ತದೆ. ಬಿಡಿಸುವಾಗ ಧೂಳು, ತಲೆಹೊಟ್ಟು, ಕೂದಲಿನ ತುಣುಕು ಉಸಿರಿಗೆ ಹೋಗುತ್ತವೆ. ಬಾಚುವುದು ಚೂಪು ಮೊಳೆ ನಿಲ್ಲಿಸಿದ ಹಲಗೆಯ ಮೇಲಾದರೆ ಬೆರಳಿಗೆ ಗಾಯ ತಪ್ಪಿದ್ದಲ್ಲ. ಆ ಧೂಳು ಅಡುಗೆಯ ಜಾಗಕ್ಕೂ ತೊಟ್ಟಿಲಿಗೂ ಹರಡುತ್ತದೆ. ಕಾರ್ಖಾನೆಯಲ್ಲಾದರೆ ಅಪಾಯ ಕೆಲಸಗಾರರೊಬ್ಬರದು. ಮನೆಯಲ್ಲಾದಾಗ ಅದನ್ನು ಕೂಲಿಯಿಲ್ಲದೆ ಹಂಚಿಕೊಳ್ಳುವವರು ಮಕ್ಕಳು. ಮುಖಗವಸು, ಕೈಗವಸುಗಳಿಗೆ ದೊಡ್ಡ ಖರ್ಚಿಲ್ಲ. ಆದರೆ ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರು ತಮ್ಮ ಕೈಯಿಂದ ಅದನ್ನು ಕೊಳ್ಳುವರೆಂದು ನಿರೀಕ್ಷಿಸುವುದು ನ್ಯಾಯವಲ್ಲ, ಅದು ನಡೆಯುವ ಮಾತೂ ಅಲ್ಲ.

ಕಾನೂನು ಈ ಮನೆಗಳ ಹೊಸ್ತಿಲಿಗೆ ಬಂದು ನಿಂತ ಚರಿತ್ರೆ 1948ರಿಂದ ಶುರುವಾಗುತ್ತದೆ. ಆ ವರ್ಷದ ಕಾರ್ಖಾನೆ ಕಾಯ್ದೆಯ ಪ್ರಕಾರ, ವಿದ್ಯುತ್ ಬಳಸಿದರೆ 10 ಜನ, ಬಳಸದಿದ್ದರೆ 20 ಜನ ದುಡಿಯುವ ಜಾಗ ಕಾರ್ಖಾನೆ. ಅದಕ್ಕಿಂತ ಚಿಕ್ಕ ಜಾಗವನ್ನೂ ಕಾರ್ಖಾನೆಯೆಂದು ಘೋಷಿಸುವ ಅಧಿಕಾರವನ್ನು 85ನೇ ಕಲಮು ರಾಜ್ಯ ಸರ್ಕಾರಕ್ಕೆ ಕೊಟ್ಟಿತು. ಜೊತೆಗೇ, ಮಾಲೀಕನು ತನ್ನ ಕುಟುಂಬದ ನೆರವಿನಿಂದ ಮಾತ್ರ ನಡೆಸುವ ಜಾಗಕ್ಕೆ ಇದು ಅನ್ವಯಿಸದು ಎಂಬ ಷರತ್ತು ಹಾಕಿತು. ಕುಟುಂಬದೊಡನೆ ಮಗ್ಗ ನಡೆಸುವ ನೇಕಾರನನ್ನು, ಅವನು ಸಾವಕಾರನ ನೂಲನ್ನೇ ನೇಯುತ್ತಿದ್ದರೂ, ಮಾಲೀಕನೆಂದು ಎಣಿಸಲು ಈ ಷರತ್ತು ದಾರಿ ಮಾಡಿಕೊಟ್ಟಿತು. ವಿಚಿತ್ರವೆಂದರೆ ಅದೇ ವರ್ಷದ ಕನಿಷ್ಠ ವೇತನ ಕಾಯ್ದೆ ತದ್ವಿರುದ್ಧ ದಾರಿ ಹಿಡಿದಿತ್ತು. ಇನ್ನೊಬ್ಬರ ವ್ಯಾಪಾರಕ್ಕಾಗಿ ಸಾಮಾನು ಪಡೆದು ತನ್ನ ಮನೆಯಲ್ಲಿ ಅದನ್ನು ಸಿದ್ಧಮಾಡಿಕೊಡುವವನೂ ನೌಕರನೇ ಎಂದು ಅದು ಸ್ಪಷ್ಟವಾಗಿ ಹೇಳಿತು. ಕೂಲಿಯ ಕಾನೂನು ಮನೆಯೊಳಗೆ ಬಂತು, ಸುರಕ್ಷತೆಯ ಕಾನೂನು ಹೊರಗೇ ಉಳಿಯಿತು. ಒಬ್ಬನೇ ಮನುಷ್ಯ ಕೂಲಿಯ ಲೆಕ್ಕಕ್ಕೆ ನೌಕರ, ಬೆನ್ನಿನ ಲೆಕ್ಕಕ್ಕೆ ಮಾಲೀಕ. ಈ ಇಬ್ಬಂದಿಯೇ ಮುಂದಿನ ಎಲ್ಲ ತೊಡಕುಗಳ ಬೇರು.

ಬೇರಿಗೆ ಕೈಹಾಕಿದ ಏಕೈಕ ದೊಡ್ಡ ಪ್ರಯತ್ನ ಬೀಡಿ ಉದ್ಯಮದಲ್ಲಿ ನಡೆಯಿತು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಮನೆಗಳಲ್ಲಿ ಎಲೆ, ತಂಬಾಕು, ನೂಲು ತಂದು ಬೀಡಿ ಕಟ್ಟಿ, ಬ್ರಾಂಚಿಗೆ ಕೊಟ್ಟು ಸಾವಿರಕ್ಕೆ ಇಷ್ಟೆಂದು ಮಜೂರಿ ಪಡೆಯುವುದು ದಶಕಗಳ ಪದ್ಧತಿ. ಕಂಪನಿಗೂ ಕಟ್ಟುವವರಿಗೂ ನಡುವೆ ಗುತ್ತಿಗೆದಾರನಿರುವುದರಿಂದ ಅವರು ತಮ್ಮ ಕೆಲಸಗಾರರಲ್ಲ ಎಂಬುದು ಕಂಪನಿಗಳ ವಾದವಾಗಿತ್ತು. 1964ರಲ್ಲಿ ಮದ್ರಾಸಿನ ದಿವಾನ್ ಮೊಹಿದೀನ್ ಸಾಹೇಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಮಧ್ಯವರ್ತಿಗಳು ಮಾಲೀಕರ ಏಜೆಂಟರಷ್ಟೇ ಎಂದಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಬೀಡಿ ಕಟ್ಟುವವರನ್ನು ನೌಕರರೆಂದು ವ್ಯಾಖ್ಯೆಯಲ್ಲೇ ಸೇರಿಸಿತು. ಅದನ್ನು ಪ್ರಶ್ನಿಸಿದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಗುತ್ತಿಗೆದಾರನ ಮೂಲಕ ಕೆಲಸ ಕೊಟ್ಟರೂ ಮುಖ್ಯ ಮಾಲೀಕನ ಹೊಣೆ ತಪ್ಪದು ಎಂಬುದು ಅಲ್ಲಿಂದ ಗಟ್ಟಿಯಾಯಿತು. ಇದಕ್ಕೆ ಹಿಂದಿನ ವರ್ಷವೇ, ಸಿಕಂದರಾಬಾದಿನ ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ, ಎಣಿಕೆಯ ಕೂಲಿ ಪಡೆಯುವ, ಕೆಲವೊಮ್ಮೆ ಬಟ್ಟೆಯನ್ನು ಮನೆಗೊಯ್ದು ಹೊಲಿಯುವ ದರ್ಜಿಗಳನ್ನೂ ನ್ಯಾಯಾಲಯ ನೌಕರರೆಂದೇ ಒಪ್ಪಿತ್ತು. ಸರಿಯಾಗಿ ಹೊಲಿಯದಿದ್ದರೆ ತಿರಸ್ಕರಿಸುವ ಹಕ್ಕು ಅಂಗಡಿಯವನಿಗೆ ಇದ್ದುದು ಅಲ್ಲಿ ಮುಖ್ಯವಾಯಿತು.

ಆದರೂ 1966ರ ಕಾಯ್ದೆ ಅರ್ಧ ದಾರಿ ಮಾತ್ರ ನಡೆಯಿತು. ಶುಚಿತ್ವ, ಗಾಳಿಬೆಳಕು, ಜನಸಂದಣಿಯ ಮಿತಿ ಇವುಗಳ ನಿಯಮಗಳನ್ನು ಅದು ಕೈಗಾರಿಕಾ ಆವರಣಕ್ಕೆ ವಿಧಿಸಿತು. ಆವರಣದ ವ್ಯಾಖ್ಯೆಯಲ್ಲಿ ಖಾಸಗಿ ವಾಸದ ಮನೆಯನ್ನು ಹೊರಗಿಟ್ಟಿತು. ಹೀಗಾಗಿ ತಂಬಾಕಿನ ಪುಡಿ, ಚರ್ಮದ ಮೂಲಕ ಇಳಿಯುವ ನಿಕೋಟಿನ್, ದಿನವಿಡೀ ಬಗ್ಗಿ ಕೂರುವ ಭಂಗಿ ಇವು ಕಾರ್ಖಾನೆಯಲ್ಲಿದ್ದರೆ ಮಾಲೀಕನ ಚಿಂತೆ, ಜಗಲಿಯಲ್ಲಿದ್ದರೆ ಕಟ್ಟುವವಳ ಚಿಂತೆ ಎಂಬಂತಾಯಿತು. ಸರ್ಕಾರದ ಲೆಕ್ಕದಲ್ಲಿ ದೇಶದ ಬೀಡಿ ಕಾರ್ಮಿಕರು ಸುಮಾರು 50 ಲಕ್ಷ, ಅವರಲ್ಲಿ ಬಹುಪಾಲು ಮನೆಯಲ್ಲೇ ಕಟ್ಟುವ ಹೆಂಗಸರು. ಕೊರತೆಯನ್ನು ತುಂಬಲು 1976ರಲ್ಲಿ ಬೀಡಿಯ ಮೇಲೆ ಸೆಸ್ ಹಾಕಿ ಕಲ್ಯಾಣ ನಿಧಿ ಕಟ್ಟಲಾಯಿತು. ದವಾಖಾನೆ, ವಸತಿ, ಮಕ್ಕಳ ವಿದ್ಯಾರ್ಥಿವೇತನ ಅದರಿಂದ ಬಂದವು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು. ನಿಧಿ ಒಳ್ಳೆಯದನ್ನೇ ಮಾಡಿತು. ಆದರೆ ಕಾಯಿಲೆ ಬಂದ ಮೇಲಿನ ಔಷಧಿಯ ಖರ್ಚಿಗೂ ಕಾಯಿಲೆ ಬಾರದಂತೆ ಕೆಲಸದ ಜಾಗವನ್ನು ತಿದ್ದುವ ಹೊಣೆಗೂ ಅಂತರವಿದೆ. ಮೊದಲನೆಯದಕ್ಕೆ ಹಣ ಕಟ್ಟಿದ ಮಾಲೀಕ ಎರಡನೆಯದರಿಂದ ಪಾರಾದ.

ಕೈಮಗ್ಗದಲ್ಲಿ ಕೆಲಸದ ಜಾಗವನ್ನು ತಿದ್ದುವ ಖರ್ಚನ್ನು ಬಹುಮಟ್ಟಿಗೆ ಸರ್ಕಾರವೇ ಹೊತ್ತಿದೆ. ಕೇಂದ್ರದ ಹಥ್‌ಕರ್ಘಾ ಸಂವರ್ಧನ ಸಹಾಯತಾ ಯೋಜನೆಯಲ್ಲಿ ಮಗ್ಗ ಮತ್ತು ಸಲಕರಣೆಯ ವೆಚ್ಚದ ನೂರಕ್ಕೆ 90 ಭಾಗ ಸರ್ಕಾರದ್ದು. ಮಗ್ಗಕ್ಕೆ ದೀಪ ಒದಗಿಸಲು, ಮನೆಗೆ ಹೊಂದಿ ಕೆಲಸದ ಕೊಠಡಿ ಕಟ್ಟಿಕೊಳ್ಳಲು ನೆರವಿದೆ. ಸರ್ಕಾರವೇ ಕೆಲಸ ಕೊಡುವ ಜಾಗದಲ್ಲಂತೂ ಈ ನೆರವು ಸಹಜ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೇಕಾರರಿಗೆ ನೂಲು ಕೊಟ್ಟು, ಬಟ್ಟೆ ಪಡೆದು, ಕೂಲಿ ಕೊಡುವ ಸಂಸ್ಥೆ. ಖಾಸಗಿ ಸಾವಕಾರನ ನೂಲು ನೇಯುವ ಮನೆಯಲ್ಲೂ ದೀಪ ಹಾಕಿಸುವುದು ತೆರಿಗೆಯ ಹಣವಾದರೆ, ಸಾವಕಾರನ ಉತ್ಪಾದನಾ ವೆಚ್ಚದ ಒಂದು ಪಾಲನ್ನು ಸಾರ್ವಜನಿಕರು ಕಟ್ಟಿದಂತಾಗುತ್ತದೆ. ನೆರವು ಬೇಡವೆಂದು ಇದರ ಅರ್ಥವಾಗದು. ಅದರೊಡನೆ ಸಾವಕಾರನ ಪಾಲೂ ಗೊತ್ತಾಗಿರಬೇಕಿತ್ತು.

ಲ್ಯಾಪ್‌ಟಾಪಿನ ಅಪಾಯಗಳು ಮೇಲ್ನೋಟಕ್ಕೆ ಹಗುರ. ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿರುವುದೇ ಅದರ ಮೂಲದೋಷ: ಕೈಗೆ ಹೊಂದುವ ಎತ್ತರದಲ್ಲಿಟ್ಟರೆ ಕುತ್ತಿಗೆ ಬಾಗುತ್ತದೆ, ಕಣ್ಣಿನ ಮಟ್ಟಕ್ಕೆ ಎತ್ತಿದರೆ ಭುಜ ಏರುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ, ತೋಳಳತೆಯ ದೂರದಲ್ಲಿರಬೇಕು. ಮೊಣಕೈ ಸುಮಾರು ಲಂಬಕೋನದಲ್ಲಿ, ಪಾದ ನೆಲಕ್ಕೆ ಊರಿ, ಸೊಂಟಕ್ಕೆ ಒರಗು ಇರಬೇಕು. ಬೇರೆ ಕೀಲಿಮಣೆ, ಒಂದು ಸ್ಟ್ಯಾಂಡು, ಒಳ್ಳೆಯ ಕುರ್ಚಿ ಇದ್ದರೆ ಬಹುಪಾಲು ತೊಂದರೆ ನೀಗುತ್ತದೆ. ಹಳ್ಳಿಯ ಮನೆಗಳಲ್ಲಿ ಇದಕ್ಕೆ ವಿದ್ಯುತ್ತಿನ ಅಪಾಯವೂ ಸೇರುತ್ತದೆ: ಅರ್ಥಿಂಗ್ ಸರಿಯಿಲ್ಲದ ವೈರಿಂಗ್, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ನೇತುಬಿದ್ದ ನಾಲ್ಕಾರು ಚಾರ್ಜರು, ಮಲಗುವ ಕೋಣೆಯಲ್ಲೇ ಇನ್ವರ್ಟರ್ ಬ್ಯಾಟರಿ. ಕಂಪನಿಯ ಕಚೇರಿಯಲ್ಲಿ ಇವೆಲ್ಲ ತಪಾಸಣೆಗೆ ಒಳಪಡುವಂಥವು.

ಹೊರದೇಶಗಳು ಈ ವಿಷಯದಲ್ಲಿ ಬೇರೆಬೇರೆ ದಾರಿ ಹಿಡಿದಿವೆ. ಬ್ರಿಟನ್ನಿನಲ್ಲಿ 1992ರ ಕಂಪ್ಯೂಟರ್ ಪರದೆ ಕುರಿತ ನಿಯಮಗಳು ಮನೆಯಿಂದ ಕೆಲಸ ಮಾಡುವವರಿಗೂ ಅನ್ವಯಿಸುತ್ತವೆ; ಜಾಗದ ಅಪಾಯವನ್ನು ಅಳೆಯುವುದು, ನೌಕರ ಕೇಳಿದರೆ ಕಣ್ಣಿನ ಪರೀಕ್ಷೆಗೆ ಹಣ ಕೊಡುವುದು ಮಾಲೀಕನ ಕರ್ತವ್ಯ. ಸ್ಪೇನ್ 2021ರ ದೂರದುಡಿಮೆ ಕಾನೂನಿನಲ್ಲಿ ಆ ಅಳತೆಯನ್ನು ಕೆಲಸಕ್ಕೆ ಬಳಸುವ ಮೂಲೆಗೆ ಮಾತ್ರ ಸೀಮಿತಗೊಳಿಸಿತು, ಮನೆಗೆ ಬರಲು ನೌಕರನ ಒಪ್ಪಿಗೆ ಬೇಕೆಂದಿತು. ಜರ್ಮನಿಯ ಒಕ್ಕೂಟ ಸಾಮಾಜಿಕ ನ್ಯಾಯಾಲಯ 2021ರ ಡಿಸೆಂಬರ್‌ನಲ್ಲಿ, ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕೆಳಮಹಡಿಯ ಕೆಲಸದ ಕೋಣೆಗೆ ಇಳಿಯುವಾಗ ಸುರುಳಿ ಮೆಟ್ಟಿಲಲ್ಲಿ ಬಿದ್ದವನಿಗೆ ಕೆಲಸದ ಅಪಘಾತದ ವಿಮೆ ಸಲ್ಲುತ್ತದೆ ಎಂದು ತೀರ್ಪಿತ್ತಿತು. ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಅಮೆರಿಕದ ಎಡವಟ್ಟು. ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆ 1999ರ ಕೊನೆಯಲ್ಲಿ ಕಂಪನಿಯೊಂದಕ್ಕೆ ಬರೆದ ಪತ್ರದಲ್ಲಿ ನೌಕರನ ಮನೆಯ ಸುರಕ್ಷತೆಗೂ ಮಾಲೀಕನೇ ಹೊಣೆ ಎಂದಿತ್ತು. 2000ದ ಜನವರಿಯಲ್ಲಿ ಗುಲ್ಲೆದ್ದ ಕೂಡಲೇ ಪತ್ರವನ್ನು ವಾಪಸು ಪಡೆಯಿತು. ಮರು ತಿಂಗಳು ಹೊರಟ ಆದೇಶ ಒಂದು ಗೆರೆ ಎಳೆಯಿತು: ಮನೆಯ ಕಚೇರಿ ಕೆಲಸವನ್ನು ತಪಾಸಿಸುವುದಿಲ್ಲ, ಮನೆಯಲ್ಲಿ ನಡೆಯುವ ತಯಾರಿಕೆಯ ಕೆಲಸದ ಬಗ್ಗೆ ದೂರು ಬಂದರೆ ತಪಾಸಿಸುತ್ತದೆ; ಮಾಲೀಕನು ಕೊಟ್ಟ ಸಾಮಗ್ರಿ, ಸಲಕರಣೆ, ವಿಧಾನದಿಂದ ಬರುವ ಅಪಾಯಕ್ಕೆ ಅವನೇ ಹೊಣೆ. ಅಪಾಯದ ತೂಕ ನೋಡಿದರೆ ಈ ಗೆರೆ ಸರಿಯಾದ ಜಾಗದಲ್ಲೇ ಬಿದ್ದಿದೆ.

ಭಾರತದಲ್ಲಿ ಗೆರೆ ಉಲ್ಟಾ ಬಿದ್ದಿದೆ ಎನ್ನಬೇಕಾಗುತ್ತದೆ. ಲ್ಯಾಪ್‌ಟಾಪಿನವರಿಗೆ ಕಾನೂನಿನ ಕಟ್ಟು ಸಡಿಲವಿದ್ದರೂ ನೇಮಕಾತಿ ಪತ್ರವಿದೆ, ವಿಮೆಯಿದೆ, ಕೆಲವು ಕಂಪನಿಗಳು ಕುರ್ಚಿ ಮೇಜಿಗೆಂದು ಭತ್ಯೆಯನ್ನೂ ಕೊಟ್ಟವು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ, ರಜೆ ಮುಗಿದ ಮೇಲೆ ಒಪ್ಪಂದದ ಮೇರೆಗೆ ಮನೆಯಿಂದ ಕೆಲಸ ಮಾಡುವ ಅವಕಾಶವನ್ನು ಕಾನೂನಿನ ಮಾತಾಗಿಸಿತು; ಕೆಲಸದ ಜಾಗ ಹೇಗಿರಬೇಕೆಂದು ಅದು ಹೇಳಲಿಲ್ಲ. ಮಗ್ಗ, ಬೀಡಿ, ಕೂದಲಿನವರಿಗೆ ಪತ್ರವೂ ಇಲ್ಲ, ಭತ್ಯೆಯೂ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಹಳೆಯ ಕಾರ್ಖಾನೆ ಕಾಯ್ದೆ, ಬೀಡಿ ಕಾಯ್ದೆಗಳನ್ನು ತನ್ನೊಳಗೆ ಸೇರಿಸಿಕೊಂಡಿದೆ. ಕೆಲಸದ ಸ್ಥಳದಲ್ಲಿ ಗಾಯ ಅಥವಾ ವೃತ್ತಿರೋಗ ತರುವ ಅಪಾಯ ಇಲ್ಲದಂತೆ ನೋಡಿಕೊಳ್ಳಬೇಕಾದವನು ಉದ್ಯೋಗದಾತ ಎಂಬ ಅದರ 6ನೇ ಕಲಮು ವಿಶಾಲವಾದದ್ದೇ. ಆದರೆ ಅದು ತಾಗುವುದು 10 ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ. ಕಾರ್ಖಾನೆಯ ಮಿತಿ ವಿದ್ಯುತ್ ಇದ್ದರೆ 20ಕ್ಕೆ, ಇಲ್ಲದಿದ್ದರೆ 40ಕ್ಕೆ ಏರಿದೆ. ಕೈಗಾರಿಕಾ ಆವರಣದ ವ್ಯಾಖ್ಯೆಯಲ್ಲಿ ವಾಸದ ಮನೆ ಈಗಲೂ ಹೊರಗೇ ಇದೆ. ಮನೆ ಆಧಾರಿತ ಕಾರ್ಮಿಕನನ್ನು ಹೆಸರಿಟ್ಟು ಗುರುತಿಸಿದ್ದು ಸಾಮಾಜಿಕ ಭದ್ರತೆಯ ಸಂಹಿತೆ. ಅವನ ಬೆನ್ನು, ಕಣ್ಣು, ಶ್ವಾಸಕೋಶವನ್ನು ಕಾಯಬೇಕಾದ ಸಂಹಿತೆಯಲ್ಲಿ ಆ ಹೆಸರಿಗೆ ತಕ್ಕ ಏರ್ಪಾಡಿಲ್ಲ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 2021ರಲ್ಲಿ ಶಂಕುಸ್ಥಾಪನೆಯಾದ ಆಟಿಕೆ ಕ್ಲಸ್ಟರಿನ ಕಾರ್ಖಾನೆಯಲ್ಲಿ ಆಟಿಕೆ ಮಾಡುವವರಿಗೆ ಕಾನೂನಿನ ಕಾವಲಿದೆ. ಕೆಲವೇ ಮೈಲಿ ದೂರದ ಕಿನ್ನಾಳದಲ್ಲಿ ಯಾವುದೋ ಮಳಿಗೆಯ ಆರ್ಡರಿಗೆಂದು ಗೊಂಬೆ ಉಜ್ಜುವವರು ಮರದ ಹೊಟ್ಟನ್ನು ತಮ್ಮ ಜವಾಬ್ದಾರಿಯಲ್ಲೇ ಕುಡಿಯಬೇಕು.

ಹೊಣೆಯನ್ನು ಹಂಚುವ ಅಳತೆಗೋಲು ಸೂರು ಯಾರದು ಎಂಬುದಾದರೆ ಮಾಲೀಕ ಎಂದೂ ಸಿಗುವುದಿಲ್ಲ. ಕೆಲಸದ ಮೇಲೆ ಹತೋಟಿ ಯಾರದು ಎಂಬುದಾದರೆ ಬಹಳಷ್ಟು ತಾನಾಗಿ ಬಿಡಿಸಿಕೊಳ್ಳುತ್ತದೆ. ಮಾಲು, ವಿನ್ಯಾಸ, ಗಡುವು, ದರ ಈ ನಾಲ್ಕನ್ನೂ ಸಾವಕಾರನೋ ಕಂಪನಿಯೋ ನಿಗದಿ ಮಾಡುತ್ತದೆ. ಅವುಗಳಿಂದ ಹುಟ್ಟುವ ಅಪಾಯ ಅವರದು. ಗೋಡೆ, ಚಾವಣಿ, ಮನೆಯ ಹಳೆಯ ವೈರಿಂಗು ಮನೆಯವರದು. ನಡುವೆ ಬರುವ ಬೆಳಕು, ಕೂರುವ ಪೀಠ, ಗಾಳಿ ಚರ್ಚೆಗೆ ಬಿಟ್ಟದ್ದಾದರೂ, ಕೆಲಸವಿಲ್ಲದಿದ್ದರೆ ಬೇಕಿರದ ಖರ್ಚು ಕೆಲಸ ಕೊಟ್ಟವನಿಗೆ ಸೇರುವುದು ನ್ಯಾಯ. ನಾಲ್ಕರಲ್ಲಿ ದರದ ಮಾತನ್ನು ಸುರಕ್ಷತೆಯ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಎಣಿಕೆಯ ಕೂಲಿ ಕಡಿಮೆಯಿದ್ದಷ್ಟೂ ದುಡಿಮೆಯ ಹೊತ್ತು ಉದ್ದವಾಗುತ್ತದೆ, ಬಿಡುವು ಕರಗುತ್ತದೆ, ಶಾಲೆಯಿಂದ ಬಂದ ಮಗು ಕಂಡಿಕೆ ಸುತ್ತಲು ಕೂರುತ್ತದೆ. ಗಂಟೆಗೊಮ್ಮೆ ಎದ್ದು ಓಡಾಡಬೇಕೆಂಬ ವೈದ್ಯರ ಸಲಹೆ ತಿಂಗಳ ಸಂಬಳದವರಿಗೆ ಸಲೀಸು. ಸೀರೆಯ ಲೆಕ್ಕದವರಿಗೆ ಎದ್ದ ಹೊತ್ತೆಲ್ಲ ಕೂಲಿಯ ಕಡಿತ. ಬಿಡುವಿನ ಹೊತ್ತನ್ನು ದರದಲ್ಲೇ ಸೇರಿಸಿ ನಿಗದಿ ಮಾಡದ ಹೊರತು ಒಳ್ಳೆಯ ಪೀಠ ಕೊಟ್ಟೂ ಪ್ರಯೋಜನ ಅಷ್ಟಕ್ಕಷ್ಟೆ.

ಇದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಮನೆಯ ಖಾಸಗಿತನದ್ದು. ಇನ್‌ಸ್ಪೆಕ್ಟರ್ ನಡುಮನೆಗೆ ಬರುವುದು ಯಾರಿಗೂ ಹಿತವಲ್ಲ. ಕೆಲಸ ಕೊಡುವವನೇ ಬಂದು ನೋಡುವುದು ಅದಕ್ಕಿಂತ ಕಷ್ಟ, ದುಡಿಯುವವರು ಹೆಂಗಸರಾದ ಕಡೆ ಮತ್ತೂ ಕಷ್ಟ. ಹೊಣೆ ಹೆಚ್ಚಿಸಿದರೆ ಸಾವಕಾರ ಕೆಲಸವನ್ನೇ ಬೇರೆ ಊರಿಗೆ ಒಯ್ದಾನೆಂಬ ಭಯವೂ ಸುಳ್ಳಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಅಂಗೀಕರಿಸಿದ 177ನೇ ಒಡಂಬಡಿಕೆ ಈ ಆಕ್ಷೇಪಗಳನ್ನು ಎದುರಿಗಿಟ್ಟುಕೊಂಡೇ ರಚಿತವಾದದ್ದು. ಅದರ ಹಿಂದಿನ ಒತ್ತಾಯದಲ್ಲಿ 1972ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ‘ಸೇವಾ’ (SEWA) ಎಂಬ ದುಡಿಯುವ ಮಹಿಳೆಯರ ಸಂಘಟನೆಯ ಪಾಲು ದೊಡ್ಡದು. ಸುರಕ್ಷತೆಯ ಕಾನೂನು ಮನೆಯ ದುಡಿಮೆಗೂ ಅನ್ವಯಿಸಬೇಕು, ಕೆಲವು ಬಗೆಯ ಕೆಲಸ ಮತ್ತು ಪದಾರ್ಥಗಳನ್ನು ಮನೆಯಲ್ಲಿ ನಿಷೇಧಿಸಬೇಕು, ತಪಾಸಣೆ ಖಾಸಗಿತನದ ಕಾನೂನಿಗೆ ಹೊಂದಬೇಕು ಎಂಬುದು ಒಡಂಬಡಿಕೆ ಮತ್ತು ಅದರ ಜೊತೆಗಿನ 184ನೇ ಶಿಫಾರಸಿನ ತಿರುಳು. ತನಗೆ ಗೊತ್ತಿರುವ ಅಪಾಯವನ್ನು ಮಾಲೀಕ ಮೊದಲೇ ತಿಳಿಸಬೇಕು, ತಾನು ಕೊಟ್ಟ ಯಂತ್ರಕ್ಕೆ ರಕ್ಷಣಾ ಸಾಧನ ಇರಬೇಕು, ಕಾಪಿನ ಸಾಮಗ್ರಿ ಪುಕ್ಕಟೆ ಕೊಡಬೇಕು ಎಂದು ಶಿಫಾರಸು ಹೇಳುತ್ತದೆ. ಇವುಗಳಲ್ಲಿ ಯಾವುದಕ್ಕೂ ಮನೆಯ ಬಾಗಿಲು ತಟ್ಟಬೇಕಿಲ್ಲ. ಸಾವಕಾರನ ಅಂಗಡಿಯಲ್ಲಿ, ಬೀಡಿ ಬ್ರಾಂಚಿನಲ್ಲಿ, ಕಂಪನಿಯ ಕಚೇರಿಯಲ್ಲಿ ಪರಿಶೀಲಿಸಿದರೆ ಸಾಕು. ಭಾರತ ಈ ಒಡಂಬಡಿಕೆಯನ್ನು ಅನುಮೋದಿಸಿಲ್ಲ.

ಅನುಮೋದನೆಗೆ ಕಾಯದೆಯೂ ಆಗಬಹುದಾದ ಕೆಲಸ ದಾಖಲೆಯದು. ಬೀಡಿ ಕಟ್ಟುವವರ ಕೈಯಲ್ಲಿ ಎಲೆ, ತಂಬಾಕು ಕೊಟ್ಟದ್ದು, ಬೀಡಿ ಪಡೆದದ್ದು, ಮಜೂರಿ ಇವನ್ನು ಬರೆಯುವ ಪುಸ್ತಕವಿರುವುದರಿಂದಲೇ ಮಾಲೀಕ ಯಾರೆಂದು ಅವರು ತೋರಿಸಬಲ್ಲರು. ಸಾವಕಾರನ ಖಾತೆಯಲ್ಲಿ ನೂಲಿನ ತೂಕವನ್ನು ಬರೆಯುವ ಪದ್ಧತಿ ದೋಟಿಹಾಳ, ಹನುಮಸಾಗರಗಳಿಗೆ ಹೊಸದಲ್ಲ. ಆ ಖಾತೆಯ ಒಂದು ಪ್ರತಿ ನೇಕಾರನ ಮನೆಯಲ್ಲಿದ್ದು, ಅದರಲ್ಲಿ ಕಂಡಿಕೆ ಸುತ್ತುವವರ ಹೆಸರೂ ಸೇರಿದರೆ, ಕಾರ್ಮಿಕ ಇಲಾಖೆಗೆ ಕೇಳಲು ಒಂದು ಆಧಾರ ಸಿಗುತ್ತದೆ, ಸಾವಕಾರನಿಗೆ ಉತ್ತರಿಸಲು ಒಂದು ಪ್ರಶ್ನೆ ಸಿಗುತ್ತದೆ.